ಅನುದ್ಯೂತವಿಲ್ಲದ ಜೂಜಿನ ಕಥೆ: ಸಪ್ಪೆಯಾದ ಒಂದು ರೀಮೇಕನ್ನು ಮೂಲದ ಜೊತೆಗಿಟ್ಟು ನೋಡುವ ಬಗೆ

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಜಗಲಿಯಲ್ಲಿ ಮಳೆಗಾಲದ ಶನಿವಾರ ಸಂಜೆ ಹತ್ತು ಹನ್ನೆರಡು ಜನ ಸೇರಿ ಸಿನಿಮಾ ನೋಡುವ ರೂಢಿಯೊಂದು ಕೆಲವು ವರ್ಷಗಳಿಂದ ನಡೆದು ಬಂದಿದೆ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವುದೊಂದನ್ನು ಬಿಟ್ಟರೆ ತೋಟದಲ್ಲಿ ಹೆಚ್ಚು ಕೆಲಸವಿರದ ಕಾಲ ಅದು. ಕಳೆದ ಆಷಾಢದಲ್ಲಿ ನಾವು ಎರಡು ವಾರ ಒಂದೇ ಹೆಸರಿನ ಎರಡು ಚಿತ್ರಗಳನ್ನು ನೋಡಿದೆವು: 1974ರಲ್ಲಿ ಕಾರೆಲ್ ರೈಸ್ ನಿರ್ದೇಶಿಸಿದ ‘ದಿ ಗ್ಯಾಂಬ್ಲರ್’ ಮತ್ತು ಅದನ್ನೇ ಆಧರಿಸಿ 2014ರಲ್ಲಿ ರೂಪರ್ಟ್ ವ್ಯಾಟ್ ನಿರ್ದೇಶಿಸಿದ ಅದೇ ಹೆಸರಿನ ರೀಮೇಕ್. ರೀಮೇಕ್ ಎಲ್ಲರಿಗೂ ನಿರಾಸೆ ತಂದಿತು, ಆದರೆ ಏಕೆ ನಿರಾಸೆಯಾಯಿತು ಎಂದು ಕೇಳಿದಾಗ ಮೊದಲ ಅರ್ಧ ಗಂಟೆ ಯಾರ ಬಾಯಿಂದಲೂ ‘ಹಳೆಯದೇ ಚೆನ್ನಾಗಿತ್ತು’ ಎಂಬುದಕ್ಕಿಂತ ಹೆಚ್ಚಿನ ಮಾತು ಹೊರಡಲಿಲ್ಲ. ಆ ಮಾತಿನಿಂದ ಮುಂದೆ ಹೋಗಲು ನಮಗೆ ನೆರವಾದ ಕ್ರಮವನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಊರಿನಲ್ಲಿಯೂ ಇಂಥದೊಂದು ಕೂಟ ನಡೆಸುವವರಿಗೆ ಅಥವಾ ಒಬ್ಬರೇ ಕುಳಿತು ಎರಡು ಚಿತ್ರಗಳನ್ನು ತೂಗಿ ನೋಡಬೇಕೆಂದಿರುವವರಿಗೆ ಇದು ಉಪಯೋಗಕ್ಕೆ ಬರಬಹುದು. ಎರಡೂ ಚಿತ್ರಗಳ ಕೊನೆಯನ್ನು ಹೇಳದೆ ಈ ಬರಹ ಸಾಗದು. ಕಥೆ ಮೊದಲೇ ತಿಳಿಯಬಾರದು ಎನ್ನುವವರು ಚಿತ್ರ ನೋಡಿ ಬಂದು ಓದುವುದು ಒಳ್ಳೆಯದು.

ರೀಮೇಕ್ ಎಂಬುದು ಕನ್ನಡ ಪ್ರೇಕ್ಷಕರಿಗೆ ಹೊಸದೇನೂ ಅಲ್ಲ. ಡಬ್ಬಿಂಗ್‌ಗೆ ದಶಕಗಳ ಕಾಲ ಅಲಿಖಿತ ತಡೆ ಇದ್ದ ನಮ್ಮಲ್ಲಿ ಪರಭಾಷೆಯ ಕಥೆ ಬಂದದ್ದೇ ಆ ಬಾಗಿಲಿನಿಂದ. ಆದ್ದರಿಂದ ‘ರೀಮೇಕ್ ಎಂದ ಮೇಲೆ ಕೀಳು’ ಎಂಬ ಪೂರ್ವಗ್ರಹವನ್ನು ಮೊದಲು ಹೊರಗಿಡಬೇಕು. ರಾಜಕುಮಾರ್ ಕಾಲದಿಂದಲೂ ಮೂಲಕ್ಕಿಂತ ಮಿಗಿಲಾದ ರೀಮೇಕುಗಳನ್ನು ನಾವು ಕಂಡಿದ್ದೇವೆ ಎಂದು ವಾದಿಸುವವರು ನಮ್ಮ ಜಗಲಿಯಲ್ಲಿ ಇಬ್ಬರಾದರೂ ಇದ್ದಾರೆ, ಅವರ ಜೊತೆ ವಾದಕ್ಕೆ ನಿಂತರೆ ರಾತ್ರಿಯ ಊಟ ತಪ್ಪುತ್ತದೆ.

ಮೊದಲು ಯಾವುದನ್ನು ನೋಡಬೇಕು?

ಹೆಚ್ಚಿನವರು ಮೂಲವನ್ನು ಮೊದಲು ನೋಡಿ ಎನ್ನುತ್ತಾರೆ. ನನ್ನ ಅನುಭವ ಇದಕ್ಕೆ ವಿರುದ್ಧವಾಗಿದೆ. ಮೂಲವನ್ನು ಮೊದಲು ನೋಡಿದವರು ರೀಮೇಕನ್ನು ನೋಡುವುದೇ ಇಲ್ಲ, ಅದರಲ್ಲಿ ಏನೇನು ಬಿಟ್ಟುಹೋಗಿದೆ ಎಂದು ಲೆಕ್ಕ ಹಾಕುತ್ತ ಕೂರುತ್ತಾರೆ. ರೀಮೇಕನ್ನು ಮೊದಲು ನೋಡಿದರೆ ಅದನ್ನು ಒಂದು ಸ್ವತಂತ್ರ ಚಿತ್ರವೆಂದು ನೋಡುವ ಅವಕಾಶ ಒಮ್ಮೆಯಾದರೂ ಸಿಗುತ್ತದೆ, ಮತ್ತು ಆಗ ಹುಟ್ಟುವ ನಿರಾಸೆ ಯಾರಿಂದಲೂ ಕಡ ತಂದದ್ದಾಗಿರದೆ ನಮ್ಮದೇ ಆಗಿರುತ್ತದೆ. ಆದ್ದರಿಂದ 2014ರ ಚಿತ್ರವನ್ನು ಮೊದಲ ಶನಿವಾರಕ್ಕೂ 1974ರ ಚಿತ್ರವನ್ನು ಮುಂದಿನ ಶನಿವಾರಕ್ಕೂ ಇಟ್ಟುಕೊಳ್ಳಿ. ಎರಡೂ ಎರಡು ಗಂಟೆಯೊಳಗೆ ಮುಗಿಯುತ್ತವೆ. ಒಂದೇ ರಾತ್ರಿ ಎರಡನ್ನೂ ನೋಡುವ ಉತ್ಸಾಹ ಬೇಡ. ನಡುವೆ ಒಂದು ವಾರ ಕಳೆದರೆ ಮೊದಲ ಚಿತ್ರದಲ್ಲಿ ನೆನಪಿನಲ್ಲಿ ಉಳಿಯುವಂಥದ್ದು ಯಾವುದು, ಉಳಿಯದ್ದು ಯಾವುದು ಎಂಬುದು ತಾನಾಗಿ ಸೋಸಿ ಬರುತ್ತದೆ.

ರೀಮೇಕ್ ಮುಗಿದ ಕೂಡಲೇ, ಮಾತು ಶುರುವಾಗುವ ಮೊದಲು, ಪ್ರತಿಯೊಬ್ಬರೂ ಒಂದು ಹಾಳೆಯ ಮೇಲೆ ಮೂರೇ ಸಾಲು ಬರೆಯಲಿ: ಎಲ್ಲಿ ಮನಸ್ಸು ಚಿತ್ರದಿಂದ ಆಚೆ ಹೋಯಿತು, ಯಾವ ಮಾತನ್ನು ನಂಬಲಾಗಲಿಲ್ಲ, ಯಾವ ಪಾತ್ರವನ್ನು ಇನ್ನಷ್ಟು ಹೊತ್ತು ನೋಡಬೇಕೆನಿಸಿತು. ಮಳೆಗಾಲವಾದ್ದರಿಂದ ಕರೆಂಟು ಹೋಗುವುದನ್ನೂ ಲೆಕ್ಕಕ್ಕಿಟ್ಟುಕೊಳ್ಳಬೇಕು. ನಮ್ಮಲ್ಲಿ ಸರಿಯಾಗಿ ಮುಕ್ಕಾಲು ಚಿತ್ರಕ್ಕೆ ಇನ್ವರ್ಟರ್ ಕೈಕೊಟ್ಟಿತು, ಲಾಟೀನಿನ ಬೆಳಕಿನಲ್ಲಿ ಬರೆದ ಆ ಹಾಳೆಗಳೇ ಆಮೇಲೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದವು, ಏಕೆಂದರೆ ಕೊನೆ ಏನಾಗಬಹುದೆಂದು ಎಲ್ಲರೂ ಊಹಿಸಿ ಬರೆದಿದ್ದರು ಮತ್ತು ಒಬ್ಬರ ಊಹೆಯೂ ತಪ್ಪಾಗಿರಲಿಲ್ಲ.

ಕಥೆಯ ಎಲುಬು

ಎರಡರಲ್ಲಿಯೂ ನಾಯಕ ಸಾಹಿತ್ಯದ ಅಧ್ಯಾಪಕ. ಉಳ್ಳವರ ಮನೆಯಲ್ಲಿ ಹುಟ್ಟಿದವನು, ಓದಿದವನು, ಮೈತುಂಬ ಸಾಲ ಮಾಡಿಕೊಂಡವನು. 1974ರಲ್ಲಿ ಅವನ ಹೆಸರು ಆಕ್ಸೆಲ್ ಫ್ರೀಡ್, ಇರುವುದು ನ್ಯೂಯಾರ್ಕಿನಲ್ಲಿ, ಪಾತ್ರ ವಹಿಸಿದವರು ಜೇಮ್ಸ್ ಕಾನ್. ಚಿತ್ರ ಶುರುವಾಗುವ ಹೊತ್ತಿಗೆ ಅವನು ಒಂದು ರಾತ್ರಿಯ ಆಟದಲ್ಲಿ 44,000 ಡಾಲರ್ ಸೋತಿರುತ್ತಾನೆ. 2014ರಲ್ಲಿ ಅವನು ಜಿಮ್ ಬೆನೆಟ್, ಊರು ಲಾಸ್ ಏಂಜಲೀಸ್, ನಟ ಮಾರ್ಕ್ ವಾಲ್‌ಬರ್ಗ್. ಸಾಲದ ಮೊತ್ತ ಲಕ್ಷಗಳಿಗೆ ಏರಿದೆ ಮತ್ತು ತೀರಿಸಲು ಏಳು ದಿನದ ಗಡುವು ಬಿದ್ದಿದೆ. ಎರಡರಲ್ಲಿಯೂ ತಾಯಿ ಬ್ಯಾಂಕಿಗೆ ಹೋಗಿ ಹಣ ತೆಗೆದುಕೊಡುತ್ತಾಳೆ, ಮಗ ಅದನ್ನು ಸಾಲಕ್ಕೆ ಕಟ್ಟುವುದಿಲ್ಲ. ಎರಡರಲ್ಲಿಯೂ ಅವನ ತರಗತಿಯ ಬಾಸ್ಕೆಟ್‌ಬಾಲ್ ಆಟಗಾರನೊಬ್ಬನನ್ನು ಪಂದ್ಯದ ಅಂಕ ಬೇಕೆಂದೇ ಕಡಿಮೆ ಮಾಡುವಂತೆ ಒಪ್ಪಿಸಲಾಗುತ್ತದೆ.

ಮೂಲದ ಚಿತ್ರಕಥೆ ಬರೆದ ಜೇಮ್ಸ್ ಟೋಬ್ಯಾಕ್ ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಸ್ವತಃ ಜೂಜಿಗೆ ಬಿದ್ದವರು. ಚಿತ್ರದ ಹೆಸರಿನ ಹಿಂದೆ ಇನ್ನೂ ಹಳೆಯ ಜೂಜುಗಾರನೊಬ್ಬನಿದ್ದಾನೆ. ರಷ್ಯದ ಕಾದಂಬರಿಕಾರ ದಸ್ತಯೇವ್‌ಸ್ಕಿ 1866ರ ಅಕ್ಟೋಬರಿನಲ್ಲಿ, ಪ್ರಕಾಶಕನಿಗೆ ಕೊಟ್ಟ ಮಾತಿನ ಗಡುವು ಕುತ್ತಿಗೆಗೆ ಬಂದಾಗ, ಅನ್ನಾ ಎಂಬ ಶೀಘ್ರಲಿಪಿಗಾರ್ತಿಗೆ 26 ದಿನಗಳಲ್ಲಿ ಹೇಳಿ ಬರೆಸಿದ ಕಾದಂಬರಿಯೇ ‘ಜೂಜುಗಾರ’. ಮರುವರ್ಷ ಅವರಿಬ್ಬರೂ ಮದುವೆಯಾದರು. ಕಾದಂಬರಿ ಬರೆದು ಮುಗಿಸಿದ ಮೇಲೆಯೂ ಅವನು ರೂಲೆಟ್ ಎಂಬ ಚಕ್ರದ ಜೂಜನ್ನು ಬಿಡಲಿಲ್ಲ, 1871ರವರೆಗೆ ಆಡುತ್ತಲೇ ಇದ್ದ. ಜೂಜಿನ ಬಗ್ಗೆ ಎಲ್ಲವನ್ನೂ ತಿಳಿದು ಬರೆದವನೂ ಮತ್ತೆ ಹೋಗಿ ಮೇಜಿನ ಮುಂದೆ ನಿಂತ ಎಂಬ ಈ ಸಂಗತಿಯನ್ನು ಕೂಟದವರಿಗೆ ಚಿತ್ರಕ್ಕೆ ಮೊದಲೇ ಹೇಳಿಡಿ.

ತೂಗುವ ಕಲ್ಲು

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ನಟನೆ, ಛಾಯಾಗ್ರಹಣ, ಸಂಭಾಷಣೆ ಎಂದು ಒಂದೊಂದಕ್ಕೂ ಅಂಕ ಕೊಡುತ್ತ ಹೋದರೆ 2014ರ ಚಿತ್ರ ಕೆಟ್ಟದ್ದೆಂದು ಸಾಬೀತಾಗುವುದೇ ಇಲ್ಲ. ವಾಲ್‌ಬರ್ಗ್ ಈ ಪಾತ್ರಕ್ಕಾಗಿ ಮೈ ಇಳಿಸಿಕೊಂಡಿದ್ದಾರೆ, ತಾಯಿಯಾಗಿ ಜೆಸಿಕಾ ಲ್ಯಾಂಗ್ ಇದ್ದಾರೆ, ತಲೆ ಬೋಳಿಸಿಕೊಂಡ ಬಡ್ಡಿ ವ್ಯಾಪಾರಿಯಾಗಿ ಜಾನ್ ಗುಡ್‌ಮನ್ ಕುಳಿತಲ್ಲಿಂದಲೇ ಚಿತ್ರವನ್ನು ಹೊತ್ತೊಯ್ಯುತ್ತಾರೆ. ಹಾಗಿದ್ದೂ ಒಟ್ಟು ಚಿತ್ರ ಸಪ್ಪೆಯಾಗಿದೆ. ಅಂದರೆ ತೂಗುವ ಕಲ್ಲು ಬೇರೆಯೇ ಇರಬೇಕು.

ಆ ಕಲ್ಲು ನಮ್ಮ ಮನೆಯಲ್ಲೇ ಇದೆ. ಮಹಾಭಾರತದ ಸಭಾಪರ್ವದಲ್ಲಿ ಧರ್ಮರಾಯ ಒಂದು ಸಲವಲ್ಲ, ಎರಡು ಸಲ ಜೂಜಿಗೆ ಕೂರುತ್ತಾನೆ. ಮೊದಲ ಸಲ ರಾಜ್ಯ, ತಮ್ಮಂದಿರು, ತಾನು, ದ್ರೌಪದಿ ಎಲ್ಲವನ್ನೂ ಸೋಲುತ್ತಾನೆ. ದ್ರೌಪದಿಗೆ ಧೃತರಾಷ್ಟ್ರ ಕೊಟ್ಟ ವರದಿಂದ ಬಿಡುಗಡೆಯಾಗಿ, ಕಳೆದದ್ದೆಲ್ಲ ಮರಳಿ ಬಂದು, ಪಾಂಡವರು ಇಂದ್ರಪ್ರಸ್ಥದ ದಾರಿ ಹಿಡಿದಿರುತ್ತಾರೆ. ಅಷ್ಟರಲ್ಲಿ ಮತ್ತೆ ಕರೆ ಬರುತ್ತದೆ, ಧರ್ಮರಾಯ ಮತ್ತೆ ಹೋಗಿ ಕೂರುತ್ತಾನೆ, ಹನ್ನೆರಡು ವರ್ಷದ ವನವಾಸ ಮತ್ತು ಒಂದು ವರ್ಷದ ಅಜ್ಞಾತವಾಸವನ್ನು ಕಟ್ಟಿಕೊಂಡು ಏಳುತ್ತಾನೆ. ಈ ಎರಡನೆಯ ಆಟವೇ ಅನುದ್ಯೂತ. ತಾಳಮದ್ದಳೆಯಲ್ಲಿ ಧರ್ಮರಾಯನ ಅರ್ಥ ಹೇಳುವವರಿಗೆ ನಿಜವಾದ ಬೆವರು ಇಳಿಯುವುದು ಇಲ್ಲಿ. ಮೊದಲ ಆಟಕ್ಕೆ ಕ್ಷತ್ರಿಯಧರ್ಮ, ಹಿರಿಯರ ಆಜ್ಞೆ, ಶಕುನಿಯ ಕಪಟ ಎಂದು ನೂರು ಸಮಾಧಾನ ಹೇಳಬಹುದು. ಎಲ್ಲವೂ ಕೈಗೆ ಮರಳಿದ ಮೇಲೆ ಮತ್ತೆ ಕೂತದ್ದಕ್ಕೆ ಏನು ಹೇಳುವುದು?

ಜೂಜಿನ ಗೀಳಿನ ಬಗ್ಗೆ ಮಾಡಿದ ಯಾವುದೇ ಚಿತ್ರಕ್ಕೆ ಈ ಪ್ರಶ್ನೆಯನ್ನೇ ಹಾಕಬೇಕು ಎಂಬುದು ನನ್ನ ವಾದ. ಸೋತವನು ಮತ್ತೆ ಆಡುವುದನ್ನು ಯಾರು ಬೇಕಾದರೂ ತೋರಿಸಬಹುದು. ಕಳೆದದ್ದನ್ನು ಹಿಂದೆ ಪಡೆಯುವ ಆಸೆ ಎಂದರೆ ಮುಗಿಯಿತು. ಗೆದ್ದವನು, ಅಥವಾ ಋಣ ತೀರಿದವನು, ಮುಂದಿನ ಹತ್ತು ನಿಮಿಷ ಏನು ಮಾಡುತ್ತಾನೆ ಎಂಬುದರಲ್ಲಿ ಗೀಳಿನ ಗುಟ್ಟು ಇದೆ. ಋಗ್ವೇದದ ಹತ್ತನೆಯ ಮಂಡಲದ ಅಕ್ಷಸೂಕ್ತದ ಜೂಜುಗಾರನೂ ಹೀಗೆಯೇ: ಇನ್ನು ಇವರ ಜೊತೆ ಹೋಗುವುದಿಲ್ಲ ಎಂದು ಮನಸ್ಸಿನಲ್ಲಿ ನಿಶ್ಚಯಿಸಿದವನು ದಾಳ ಬಿದ್ದ ಸದ್ದು ಕೇಳಿದ ಕೂಡಲೇ ಅತ್ತ ನಡೆದುಬಿಡುತ್ತಾನೆ.

ಈ ಕಲ್ಲಿನಿಂದ ತೂಗಿದಾಗ 1974ರ ಚಿತ್ರದಲ್ಲಿ ಅನುದ್ಯೂತ ಎರಡು ಬಾರಿ ಕಾಣುತ್ತದೆ. ಆಕ್ಸೆಲ್ ತನ್ನ ಗೆಳತಿಯೊಡನೆ ಲಾಸ್ ವೇಗಸ್‌ಗೆ ಹೋಗಿ ಗೆಲ್ಲುತ್ತಾನೆ, ಅದೃಷ್ಟ ಮೈಮೇಲೆ ಬಂದಂತೆ ಗೆಲ್ಲುತ್ತಾನೆ. ಆ ಗೆಲುವನ್ನು ತಂದು ಸಾಲಗಾರರ ಮುಂದಿಟ್ಟರೆ ಕಥೆ ಮುಗಿಯುತ್ತಿತ್ತು. ಅವನು ಅದನ್ನು ಬಾಸ್ಕೆಟ್‌ಬಾಲ್ ಪಂದ್ಯದ ಮೇಲೆ ಕಟ್ಟಿ ಕಳೆಯುತ್ತಾನೆ. ಎರಡನೆಯದು ಚಿತ್ರದ ಕೊನೆಯಲ್ಲಿ ಬರುತ್ತದೆ. ವಿದ್ಯಾರ್ಥಿಯನ್ನು ಬಲಿಕೊಟ್ಟು ಋಣ ತೀರಿದೆ, ಇನ್ನು ಯಾರೂ ಅವನನ್ನು ಹುಡುಕಿ ಬರುವುದಿಲ್ಲ. ಆಗ ಅವನು ತಾನಾಗಿ ಹಾರ್ಲೆಮ್ಮಿನ ಬೀದಿಗೆ ನಡೆದು, ಒಬ್ಬ ವೇಶ್ಯೆ ಮತ್ತು ಅವಳ ದಲ್ಲಾಳಿಯ ಜೊತೆ ಬೇಕೆಂದೇ ಜಗಳ ತೆಗೆದು, ಮುಖಕ್ಕೆ ಚಾಕುವಿನ ಗಾಯ ಮಾಡಿಸಿಕೊಳ್ಳುತ್ತಾನೆ. ಪಣವಾಗಿ ಇಡಲು ಹಣ ಉಳಿಯದಾಗ ಧರ್ಮರಾಯ ತನ್ನನ್ನೇ ಇಟ್ಟಂತೆ ಇವನು ತನ್ನ ಮೈಯನ್ನೇ ಒಡ್ಡುತ್ತಾನೆ. ಕೊನೆಯ ದೃಶ್ಯದಲ್ಲಿ ಕನ್ನಡಿಯ ಮುಂದೆ ನಿಂತು ಆ ಗಾಯವನ್ನು ನೋಡಿಕೊಳ್ಳುವಾಗ ಅವನ ಮುಖದಲ್ಲಿ ನೋವಿನ ಜೊತೆಗೆ ತೃಪ್ತಿಯಂಥದ್ದೇನೋ ಇದೆ.

2014ರ ಚಿತ್ರದಲ್ಲಿ ಮೊದಲ ದ್ಯೂತ ಮಾತ್ರ ಇದೆ. ಬೆನೆಟ್ ಸೋಲುತ್ತಾನೆ, ತಾಯಿಯ ಹಣವನ್ನೂ ಸೋಲುತ್ತಾನೆ, ಕೊನೆಗೆ ರೂಲೆಟ್ ಚಕ್ರದ ಕಪ್ಪು ಬಣ್ಣದ ಮೇಲೆ ಒಂದೇ ಏಟಿಗೆ ಇಡುಗಂಟನ್ನು ಇಟ್ಟು ಗೆಲ್ಲುತ್ತಾನೆ. ಸಾಲಗಾರರೆಲ್ಲರ ಲೆಕ್ಕ ಚುಕ್ತವಾಗುತ್ತದೆ, ಅವನು ಬರಿಗೈಯಲ್ಲಿ ಹೊರಬಿದ್ದು ನಗರದುದ್ದಕ್ಕೂ ಓಡಿ ತಾನು ಮೆಚ್ಚಿದ ಹುಡುಗಿಯ ಮನೆ ಸೇರುತ್ತಾನೆ. ಧೃತರಾಷ್ಟ್ರನ ವರ ಸಿಕ್ಕಿತು, ಪಾಂಡವರು ಇಂದ್ರಪ್ರಸ್ಥ ಸೇರಿದರು, ಮಂಗಳ ಹಾಡಿ ಎಂದ ಹಾಗೆ.

ನಮ್ಮ ಕೂಟದಲ್ಲಿ ಇದನ್ನು ಮೊದಲು ಕಂಡುಹಿಡಿದವನು ನಾನಲ್ಲ. ಹರೆಯದಲ್ಲಿ ಇಸ್ಪೀಟಿನ ಕಣದಲ್ಲಿ ಒಂದು ವರ್ಷದ ಅಡಿಕೆಯ ದುಡ್ಡನ್ನು ಕಳೆದು, ಈಗ ಆ ಮಾತನ್ನು ತಾವೇ ನಗುತ್ತ ಹೇಳುವ ಹಿರಿಯರೊಬ್ಬರು ಗೋಡೆಗೆ ಒರಗಿ ಕೂತು ಎರಡೂ ಚಿತ್ರಗಳನ್ನು ನೋಡಿದರು. ಇಂಗ್ಲಿಷು ಅವರಿಗೆ ಅಷ್ಟಕ್ಕಷ್ಟೇ. ರೀಮೇಕಿನ ಕೊನೆಯ ಓಟ ಬಂದಾಗ ಎಲೆಯಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ‘ಇವ ಯಾಕೆ ಓಡ್ತಾ ಇದಾನೆ ಮೇಷ್ಟ್ರೇ? ಗೆದ್ದೋನು ಎದ್ದು ಹೋಗಲ್ಲ. ಸೋತೋನಿಗೆ ಕೈಯಲ್ಲಿ ದುಡ್ಡಿಲ್ದೆ ಏಳ್ಬೇಕಾಗ್ತದೆ, ಗೆದ್ದೋನಿಗೆ ಏಳಕ್ಕೆ ಕಾರಣವೇ ಇಲ್ಲ’ ಎಂದರು. ಮುಂದಿನ ಶನಿವಾರ ಮೂಲ ಚಿತ್ರದ ಕನ್ನಡಿಯ ದೃಶ್ಯ ಬಂದಾಗ ಅವರು ಏನೂ ಹೇಳಲಿಲ್ಲ. ಚಾ ಬೇಕೇ ಎಂದು ಕೇಳಿದ್ದಕ್ಕೂ ಉತ್ತರ ಬರಲಿಲ್ಲ.

ಹಾಳೆಯ ಮೇಲೆ ಇಡಬೇಕಾದ ದೃಶ್ಯಗಳು

ಎರಡೂ ಚಿತ್ರಗಳನ್ನು ನೋಡಿದ ಮೇಲೆ ಒಂದು ಹಾಳೆಯನ್ನು ನಡುವೆ ಮಡಿಸಿ, ಎಡಕ್ಕೆ ಮೂಲ, ಬಲಕ್ಕೆ ರೀಮೇಕ್ ಎಂದು ಬರೆದುಕೊಂಡು, ಸಮಾನವಾದ ದೃಶ್ಯಗಳನ್ನು ಮಾತ್ರ ಎದುರುಬದುರು ಇಡಿ. ಎಲ್ಲವನ್ನೂ ಹೋಲಿಸಲು ಹೊರಟರೆ ದಣಿವಾಗುತ್ತದೆಯೇ ಹೊರತು ಫಲವಿಲ್ಲ. ತಾಯಿ ಹಣ ಕೊಡುವ ದೃಶ್ಯ, ತರಗತಿಯ ದೃಶ್ಯ, ಗೆಲ್ಲುವ ಒಂದು ದೃಶ್ಯ, ಇಷ್ಟು ಸಾಕು.

ತಾಯಿಯ ದೃಶ್ಯವನ್ನು ನೋಡುವಾಗ ಮಗನ ಮುಖವನ್ನು ಬಿಟ್ಟು ತಾಯಿಯ ಕೈಗಳನ್ನು ಗಮನಿಸಿ. ಮೂಲದ ತಾಯಿ ವೈದ್ಯೆ, ದುಡಿದು ಕೂಡಿಸಿದವಳು, ಜಾಕ್ವೆಲಿನ್ ಬ್ರೂಕ್ಸ್ ಆ ಪಾತ್ರ ಮಾಡಿದ್ದಾರೆ. ಅವಳು ಕೊಡುವ ಹಣ ಖಾಲಿಯಾದರೆ ಅವಳಿಗೆ ನೋವಾಗುತ್ತದೆ ಎಂಬುದು ನಮಗೆ ತಿಳಿಯುತ್ತದೆ, ಮಗನಿಗೂ ತಿಳಿದಿರುತ್ತದೆ. ರೀಮೇಕಿನ ತಾಯಿ ಭಾರಿ ಸಿರಿವಂತೆ. ಲ್ಯಾಂಗ್ ಅವರ ನಟನೆಯಲ್ಲಿ ಕಹಿ ಇದೆ, ಆದರೆ ಆ ಮನೆಯಲ್ಲಿ ಹಣಕ್ಕೆ ತೂಕವಿಲ್ಲ. ಹಣಕ್ಕೆ ತೂಕವಿಲ್ಲದ ಕಡೆ ಅದನ್ನು ಕಳೆಯುವುದಕ್ಕೂ ತೂಕ ಬರುವುದಿಲ್ಲ. ಕೊಯ್ಲು, ಸುಲಿ, ಬೇಯಿಸು, ಒಣಗಿಸು ಎಂದು ತಿಂಗಳುಗಟ್ಟಲೆ ಹೆಣಗಿ, ಮಂಡಿಗೆ ಹಾಕಿ, ಕೈಗೆ ಬಂದ ದುಡ್ಡಿನ ತೂಕ ಗೊತ್ತಿರುವ ನಮ್ಮ ಸೀಮೆಯ ಪ್ರೇಕ್ಷಕರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ತರಗತಿಯ ದೃಶ್ಯದಲ್ಲಿ ಪಾಠದ ವಿಷಯವನ್ನು ಬರೆದುಕೊಳ್ಳಿ. ಆಕ್ಸೆಲ್ ದಸ್ತಯೇವ್‌ಸ್ಕಿಯನ್ನು ಪಾಠ ಮಾಡುತ್ತಾನೆ, ಎರಡೂ ಎರಡೂ ಸೇರಿ ಐದು ಎಂದು ಹೇಳುವ ಮನುಷ್ಯನ ಹಟವನ್ನು ವಿವರಿಸುತ್ತಾನೆ. ಅಂದರೆ ತಾನು ಜೂಜಾಡುವುದು ಏಕೆ ಎಂಬುದನ್ನು ಮಕ್ಕಳ ಮುಂದೆ, ಅವರಿಗೆ ತಿಳಿಯದಂತೆ, ಹೇಳಿಕೊಳ್ಳುತ್ತಿರುತ್ತಾನೆ. ಬೆನೆಟ್ ಪಾಠ ಮಾಡುವುದು ಶೇಕ್ಸ್‌ಪಿಯರನನ್ನು ಮುಂದಿಟ್ಟುಕೊಂಡು ಪ್ರತಿಭೆಯ ಬಗ್ಗೆ, ಅದು ಇದ್ದವರು ಇಲ್ಲದವರ ಬಗ್ಗೆ. ಮಾತು ಚುರುಕಾಗಿದೆ, ಕೇಳಲು ಸೊಗಸಾಗಿದೆ, ಜೂಜಿಗೂ ಅದಕ್ಕೂ ಸಂಬಂಧವಿಲ್ಲ. ರೀಮೇಕಿನ ಚಿತ್ರಕಥೆ ಬರೆದ ವಿಲಿಯಂ ಮೊನಹನ್ ಅವರಿಗೆ ಮಾತಿನ ಮೇಲೆ ಹಿಡಿತವಿದೆ, ಅದೇ ಇಲ್ಲಿ ಕೇಡಾಗಿದೆ ಎಂದು ನನಗನ್ನಿಸುತ್ತದೆ, ಏಕೆಂದರೆ ಗೀಳು ಹಿಡಿದವನು ಇಷ್ಟು ಚೆನ್ನಾಗಿ ಮಾತಾಡುತ್ತ ಕೂರುವುದಿಲ್ಲ, ಅವನ ಕಿವಿ ಇನ್ನೆಲ್ಲಿಯೋ ಇರುತ್ತದೆ.

ಗೆಲುವಿನ ದೃಶ್ಯಕ್ಕೆ ಸ್ವಲ್ಪ ಲೆಕ್ಕ ಬೇಕಾಗುತ್ತದೆ. ಕೂಟ ನಡೆಸುವವರು ಇದನ್ನು ಇಸ್ಪೀಟು ಎಲೆಗಳನ್ನು ಕೈಯಲ್ಲಿ ಹಿಡಿದೇ ತೋರಿಸುವುದು ಒಳ್ಳೆಯದು. ಮೂಲದಲ್ಲಿ ಆಕ್ಸೆಲ್ ಆಡುವುದು ಬ್ಲ್ಯಾಕ್‌ಜಾಕ್. ಎಲೆಗಳ ಮೊತ್ತ 21ನ್ನು ಮೀರದೆ ಅದರ ಹತ್ತಿರಕ್ಕೆ ಹೋಗಬೇಕು; ರಾಜ, ರಾಣಿ, ಗುಲಾಮನಿಗೆ ಹತ್ತು, ಎಕ್ಕಕ್ಕೆ ಒಂದು ಅಥವಾ ಹನ್ನೊಂದು. ಆಕ್ಸೆಲ್‌ನ ಕೈಯಲ್ಲಿ 18 ಇದೆ. ಬುದ್ಧಿ ನೆಟ್ಟಗಿರುವ ಯಾರೂ ಅಲ್ಲಿ ಇನ್ನೊಂದು ಎಲೆ ಕೇಳುವುದಿಲ್ಲ. ಅವನು ಪಣವನ್ನು ಇಮ್ಮಡಿ ಮಾಡಿ ಒಂದು ಎಲೆ ಕೇಳುತ್ತಾನೆ. ಹದಿಮೂರು ಬಗೆಯ ಎಲೆಗಳಲ್ಲಿ ಅವನನ್ನು ಉಳಿಸುವುದು ಎಕ್ಕ, ಎರಡು, ಮೂರು ಮಾತ್ರ. ಉಳಿದ ಹತ್ತರಲ್ಲಿ ಯಾವುದು ಬಂದರೂ ಕೈ ಮುರಿಯುತ್ತದೆ. ಅಂದರೆ ನೂರಕ್ಕೆ 23ರಷ್ಟು ಮಾತ್ರ ಉಳಿವು. ಬರುವುದು ಮೂರು.

ಇದನ್ನು ಎಲೆ ಹಿಡಿದು ತೋರಿಸದೆ ಹೋದರೆ ನೋಡುವವರಿಗೆ ಇದೊಂದು ಸಿನಿಮೀಯ ಅದೃಷ್ಟವೆನಿಸುತ್ತದೆ. ತೋರಿಸಿದರೆ, ಅವನು ಗೆಲ್ಲಲು ಆಡುತ್ತಿಲ್ಲ ಎಂಬುದು ಹೊಳೆಯುತ್ತದೆ. ಗೆಲ್ಲಬೇಕಾಗಿದ್ದರೆ 18ಕ್ಕೆ ನಿಲ್ಲುತ್ತಿದ್ದ. ಅವನ ಬುಕ್ಕಿಯಾದ ಹಿಪ್ಸ್‌ನ ಜೊತೆ ನಡೆಯುವ ಮಾತುಕತೆಯಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ: ಎಲ್ಲ ಪಣವೂ ಖಚಿತವಾದದ್ದೇ ಆಗಿದ್ದರೆ ಆಟದಲ್ಲಿ ರಸವೇ ಇರದು ಎಂಬುದು ಆಕ್ಸೆಲ್‌ನ ನಿಲುವು. ಪಾಲ್ ಸೊರ್ವಿನೊ ಮಾಡಿದ ಈ ಬುಕ್ಕಿಯ ಪಾತ್ರದಲ್ಲಿ ಒಂದು ಬಗೆಯ ಮರುಕ ಇದೆ. ಅವನು ಇವನ ಗೆಳೆಯನೂ ಹೌದು, ಇವನ ಕಾಲು ಮುರಿಸಬೇಕಾಗಿ ಬರಬಹುದಾದವನೂ ಹೌದು. ನಮ್ಮ ಕಡೆ ಓಸಿ ಚೀಟಿ ಬರೆಯುವವನು ಬೀದಿಗೆಲ್ಲ ಪರಿಚಿತನಾಗಿ, ಮದುವೆಗೂ ಬಂದು ಮುಯ್ಯಿ ಕೊಟ್ಟು ಹೋಗುವವನಾಗಿ ಇರುತ್ತಿದ್ದುದನ್ನು ಕಂಡವರಿಗೆ ಈ ಪಾತ್ರ ಥಟ್ಟನೆ ಹಿಡಿಸುತ್ತದೆ. ರೀಮೇಕಿನಲ್ಲಿ ಸಾಲ ಕೊಡುವವರೆಲ್ಲ ಒಬ್ಬರಿಗಿಂತ ಒಬ್ಬರು ವರ್ಣರಂಜಿತರು, ಭಾಷಣಪ್ರಿಯರು, ಆದರೆ ನಾಯಕನ ಜೊತೆ ಅವರಿಗೆ ಇರುವುದು ವ್ಯವಹಾರ ಮಾತ್ರ.

ರೀಮೇಕಿನ ಕೊನೆಯ ಪಣವನ್ನೂ ಲೆಕ್ಕಕ್ಕೆ ಹಚ್ಚಿ. ಅಮೆರಿಕದ ರೂಲೆಟ್ ಚಕ್ರದಲ್ಲಿ 38 ಮನೆಗಳಿರುತ್ತವೆ, ಅದರಲ್ಲಿ 18 ಕಪ್ಪು, 18 ಕೆಂಪು, 2 ಹಸಿರು. ಕಪ್ಪು ಬರುವ ಸಂಭವ ನೂರಕ್ಕೆ ಸುಮಾರು 47. ನಮ್ಮ ಅಂದರ್‌ ಬಾಹರ್‌ನಂತೆ, ಹೆಚ್ಚುಕಡಿಮೆ ಆ ಕಡೆ ಅಥವಾ ಈ ಕಡೆ. ಅಂದರೆ ಇಡೀ ಚಿತ್ರದಲ್ಲಿ ಹುಚ್ಚನಂತೆ ಆಡಿದವನು ಕೊನೆಗೆ ಆಡುವುದು ಮೇಜಿನ ಮೇಲಿರುವ ಅತ್ಯಂತ ಸಾಧುವಾದ ಪಣಗಳಲ್ಲಿ ಒಂದನ್ನು! ನಿರ್ದೇಶಕರು ಇದನ್ನು ಪರಮ ಸಾಹಸವೆಂದು ಸಂಗೀತ ಸಮೇತ ತೋರಿಸುತ್ತಾರೆ. 18ರ ಮೇಲೆ ಎಲೆ ಕೇಳಿದವನ ಪಕ್ಕದಲ್ಲಿ ಇದು ಬ್ಯಾಂಕಿನಲ್ಲಿ ಠೇವಣಿ ಇಟ್ಟ ಹಾಗೆ ಕಾಣುತ್ತದೆ.

ಗಡುವಿನ ಬಗ್ಗೆ ಒಂದೇ ಮಾತು. ಏಳು ದಿನ ಎಂದು ಎಣಿಸುತ್ತ ಹೋಗುವುದರಿಂದ ರೀಮೇಕಿಗೆ ವೇಗ ಬಂದಿದೆ, ಅದೇ ಅದರ ರೋಗವನ್ನು ಮುಚ್ಚಿಯೂ ಹಾಕಿದೆ. ಸಾಲಕ್ಕೆ ಗಡುವಿರುತ್ತದೆ, ಗೀಳಿಗೆ ಇರುವುದಿಲ್ಲ.

ರೋಗವೆಂಬ ಹೆಸರು ಬಂದದ್ದು ಯಾವಾಗ?

ಚರ್ಚೆಯಲ್ಲಿ ಯಾರಾದರೂ ‘ಹಳೆಯ ಕಾಲದವರಿಗೆ ಇದೆಲ್ಲ ಕಾಯಿಲೆ ಎಂದು ತಿಳಿದಿರಲಿಲ್ಲ’ ಎನ್ನುವುದುಂಟು. ಆಗ ಈ ಕಾಲಕ್ರಮವನ್ನು ಮುಂದಿಡಿ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಜೂಜಿನ ಗೀಳು ಮೊದಲ ಬಾರಿಗೆ ಕಾಯಿಲೆಯಾಗಿ ಸೇರಿದ್ದು 1980ರಲ್ಲಿ, ಒಳಗಿನ ತುಡಿತವನ್ನು ತಡೆಯಲಾರದ ತೊಂದರೆಗಳ ಗುಂಪಿನಲ್ಲಿ. 2013ರ ಆವೃತ್ತಿಯಲ್ಲಿ ಅದನ್ನು ಕುಡಿತ ಮತ್ತು ಮಾದಕವಸ್ತುಗಳ ಚಟದ ಸಾಲಿಗೆ ವರ್ಗಾಯಿಸಲಾಯಿತು. ಅಂದರೆ ಮೂಲ ಚಿತ್ರ ಬಂದದ್ದು ಆ ಹೆಸರು ಹುಟ್ಟುವುದಕ್ಕೆ ಆರು ವರ್ಷ ಮೊದಲು, ರೀಮೇಕ್ ಬಂದದ್ದು ಅದು ಚಟವೆಂದು ಒಪ್ಪಿತವಾದ ಮರುವರ್ಷ. ಹೆಸರಿಲ್ಲದ ಕಾಲದ ಚಿತ್ರಕ್ಕೆ ಕಂಡದ್ದು ಹೆಸರಿಟ್ಟ ಮೇಲಿನ ಚಿತ್ರಕ್ಕೆ ಕಾಣಲಿಲ್ಲ. ರೀಮೇಕಿನ ನಾಯಕನಿಗೆ ಜೂಜು ಬಿಡಲಾಗದ ಚಟವಾಗಿ ಉಳಿದಿಲ್ಲ. ತನ್ನ ಸಿರಿವಂತಿಕೆಯನ್ನೆಲ್ಲ ಸುಟ್ಟು ಸೊನ್ನೆಯಿಂದ ಶುರು ಮಾಡಲು ಅವನು ಆರಿಸಿಕೊಂಡ ಒಂದು ದಾರಿಯಾಗಿದೆ. ಅದೂ ಒಂದು ಕಥೆಯಾದೀತು, ಜೂಜುಗಾರನ ಕಥೆಯಾಗದು.

ಕೂಟ ನಡೆಸುವವರಿಗೆ

ಈ ಚಿತ್ರಗಳನ್ನು ದೀಪಾವಳಿಗೆ ಮೊದಲೇ ತೋರಿಸಿ ಮುಗಿಸುವುದು ಮೇಲು. ಬಲಿಪಾಡ್ಯಮಿಯ ಆಸುಪಾಸಿನಲ್ಲಿ ನಮ್ಮ ಕಡೆ ಇಸ್ಪೀಟು ಹರಡದ ಜಗಲಿ ಕಡಿಮೆ, ಒಂದು ಕಡೆ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡುತ್ತ ಬರುತ್ತಿದ್ದರೆ ಇನ್ನೊಂದು ಕಡೆ ಎಲೆ ಕಲೆಸುವ ಸದ್ದು. ಹಬ್ಬದ ಆಟವನ್ನು ನಾನು ದೂಷಿಸುತ್ತಿಲ್ಲ. ಆ ಹೊತ್ತಿನಲ್ಲಿ ಇಂಥ ಚಿತ್ರ ತೋರಿಸಿದರೆ ಅದು ಉಪದೇಶವೆನಿಸಿ ಜನ ಎದ್ದು ಹೋಗುತ್ತಾರೆ, ಅಷ್ಟೇ.

ಚರ್ಚೆ ಬೇಗನೆ ಮೊಬೈಲ್ ರಮ್ಮಿ, ಐಪಿಎಲ್ ಬೆಟ್ಟಿಂಗ್‌ನತ್ತ ತಿರುಗುತ್ತದೆ, ತಿರುಗಲಿ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತದ್ದು, 2025ರ ಆಗಸ್ಟಿನಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯಿದೆ ಬಂದದ್ದು ಎಲ್ಲವೂ ಮಾತಿಗೆ ಬರುತ್ತವೆ. ಆದರೆ ಹತ್ತು ನಿಮಿಷದಲ್ಲಿ ಮಾತನ್ನು ತೆರೆಯ ಮೇಲಿನ ದೃಶ್ಯಕ್ಕೆ ಮರಳಿಸಬೇಕು, ಇಲ್ಲದಿದ್ದರೆ ಸಿನಿಮಾ ಮರೆತುಹೋಗಿ ಗ್ರಾಮಸಭೆಯಾಗುತ್ತದೆ. ಮರಳಿಸಲು ಸುಲಭದ ಪ್ರಶ್ನೆ ಇದು: ಆಕ್ಸೆಲ್‌ನ ಕೈಯಲ್ಲಿ ಮೊಬೈಲ್ ಇದ್ದಿದ್ದರೆ ಹಾರ್ಲೆಮ್ಮಿಗೆ ನಡೆದು ಹೋಗುತ್ತಿದ್ದನೇ?

ಎಲ್ಲರೂ ಚಪ್ಪಲಿ ಹುಡುಕುತ್ತಿರುವಾಗ ಯಾರಾದರೂ ಒಬ್ಬರು ಹಿಂದೆ ಉಳಿದು, ‘ನಮ್ಮ ತಮ್ಮನದೂ ಸ್ವಲ್ಪ ಹೀಗೇ’ ಎಂದು ಶುರು ಮಾಡಬಹುದು. ಹಾಗೆ ಶುರು ಮಾಡಿದವರು ತಮ್ಮನ ಬಗ್ಗೆಯೇ ಹೇಳುತ್ತಿರುತ್ತಾರೆ ಎಂದೇನಿಲ್ಲ. ಅವರ ಮುಂದೆ ಧರ್ಮರಾಯನ ಕಥೆಯನ್ನೂ ತೆಗೆಯಬೇಡಿ, ಸಾಲವೆಷ್ಟು ಎಂದೂ ಕೇಳಬೇಡಿ. 14416 ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ. ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲಿಯೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಆನ್‌ಲೈನ್ ಆಟದ ಚಟಕ್ಕೆಂದೇ 2014ರಿಂದ ಒಂದು ಚಿಕಿತ್ಸಾಲಯ ನಡೆಯುತ್ತಿದೆ. ನಾವು ಸಹಾಯವಾಣಿಯ ಸಂಖ್ಯೆಯನ್ನು ಜಗಲಿಯ ಕಂಬದ ಕ್ಯಾಲೆಂಡರಿನ ಮೂಲೆಯಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ಯಾರದೆಂದು ಹೇಳದೆ ಬರೆದಿಟ್ಟಿದ್ದೇವೆ. ಮುಂದಿನ ಶನಿವಾರ ಬಂದಾಗ ಯಾರೋ ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದರು, ನಾನು ಒಳಗೆ ಹೋಗಿ ಪ್ರೊಜೆಕ್ಟರಿನ ವೈರು ಹುಡುಕತೊಡಗಿದೆ.